ಶಟರಿಗೆ ಜಾಕ್ ಕೊಟ್ಟು ಎತ್ತಿದ್ದಾರೆ: ಮನೆಗೆ ಅಂಟಿಕೊಂಡ ವೈಂಡಿಂಗ್ ಅಂಗಡಿಗೆ ಮೊದಲು ಏನು ಮಾಡಿಸಲಿ?

ತಾಮ್ರತಂತಿ, ತಿಪಟೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನನ್ನದು ಮೋಟಾರ್ ರೀವೈಂಡಿಂಗ್ ಅಂಗಡಿ. ರಸ್ತೆಗೆ ಅಂಗಡಿ, ಅದರ ಬೆನ್ನಿಗೆ ಮನೆ, ನಡುವೆ ಒಂದು ಮರದ ಬಾಗಿಲು. ಹೋದ ವಾರ ರಾತ್ರಿ ಕಳ್ಳರು ಬಂದಿದ್ದರು. ಏನೂ ಹೋಗಲಿಲ್ಲ. ಆದರೆ ಅವರು ಕೆಲಸ ಮಾಡಿದ ಕ್ರಮ ನೋಡಿದರೆ ಇನ್ನೊಮ್ಮೆ ಬಂದೇ ಬರುತ್ತಾರೆ.

ಶಟರಿನ ಎಡಬದಿಯ ಬೀಗವನ್ನು ಕಟರ್ ಹಾಕಿ ಕತ್ತರಿಸಿದ್ದಾರೆ. ಬಲಬದಿಯದನ್ನು ಮುಟ್ಟಿಯೇ ಇಲ್ಲ, ಅದರ ಅಗತ್ಯ ಬೀಳಲಿಲ್ಲ. ಎಡ ಮೂಲೆಗೆ ಕಾರಿನ ಜಾಕ್ ಕೊಟ್ಟು ಎತ್ತಿದ್ದಾರೆ. ತಳದ ಪಟ್ಟಿ ಬಿಲ್ಲಿನಂತೆ ಬಾಗಿ ಮುಕ್ಕಾಲು ಅಡಿ ಸಂದು ಬಿದ್ದಿದೆ. ಸಣಕಲು ಮೈಯವನೊಬ್ಬ ನುಸುಳಲು ಅಷ್ಟು ಸಾಕು. ಇದಕ್ಕೂ ಮೊದಲು ನಮ್ಮ ಮನೆಯ ಮುಂಬಾಗಿಲಿಗೂ ಅಕ್ಕಪಕ್ಕದ ಮನೆಗಳಿಗೂ ಹೊರಗಿನಿಂದ ಚಿಲಕ ಹಾಕಿ ಬಂದಿದ್ದಾರೆ. ಶಟರಿಗೆ ಒಳಗಿನಿಂದ ಒರಗಿಸಿಟ್ಟಿದ್ದ ಸಬ್‌ಮರ್ಸಿಬಲ್ ಪಂಪು ಉರುಳಿದ ಸದ್ದಿಗೆ ಅಮ್ಮ ಎದ್ದು ದೀಪ ಹಾಕಿದರು, ಕಳ್ಳರು ಓಡಿದರು. ಜಾಕ್ ಇಲ್ಲೇ ಬಿಟ್ಟಿದ್ದರು, ಅದನ್ನು ಪೊಲೀಸರು ತೆಗೆದುಕೊಂಡು ಹೋಗಿದ್ದಾರೆ.

ಬಂದದ್ದು ತಾಮ್ರಕ್ಕೆ, ಅನುಮಾನವಿಲ್ಲ. ಇದು ಬೋರ್‌ವೆಲ್ ನೀರು ಕೆಳಗಿಳಿದು, ವೋಲ್ಟೇಜ್ ಕುಸಿದು, ಮೋಟಾರುಗಳು ಸಾಲುಸಾಲಾಗಿ ಸುಡುವ ಕಾಲ. ಅಂಗಡಿಯೊಳಗೆ ಕಾಲಿಡಲು ಜಾಗವಿಲ್ಲ. ಹೊಸ ತಂತಿಯ ಸುರುಳಿಗಳು ಒಂದು ಕಡೆ, ಬಿಚ್ಚಿದ ಹಳೆಯ ತಾಮ್ರ ಚೀಲಗಳಲ್ಲಿ ಇನ್ನೊಂದು ಕಡೆ. ಗುಜರಿಗೆ ಒಮ್ಮೆ ಸೇರಿದರೆ ಅದು ಯಾರದೆಂದು ಬ್ರಹ್ಮನೂ ಹೇಳಲಾರ. ನನ್ನ ತಂತಿ ಹೋದರೆ ನಷ್ಟ ನನಗೊಬ್ಬನಿಗೆ. ರೈತರು ಬಿಟ್ಟುಹೋದ ಮೋಟಾರು ಹೋದರೆ? ಏಪ್ರಿಲ್ ತಿಂಗಳಲ್ಲಿ ತೋಟಕ್ಕೆ ನೀರಿಲ್ಲದೆ ಕುಳಿತವನು ನನ್ನ ಕೊರಳಪಟ್ಟಿ ಹಿಡಿಯುತ್ತಾನೆ. ಹಿಡಿಯಲೂ ಬೇಕು.

ಇನ್ನೊಂದು ಚಿಂತೆ ಮಾಡಿನದು. ಅಂಗಡಿಗೆ ತಾರಸಿ ಇಲ್ಲ, ತಗಡಿನ ಶೀಟು. ಅದರ ಸ್ಕ್ರೂಗಳೆಲ್ಲ ಹೊರಗಿನಿಂದಲೇ ಬಿಚ್ಚಲು ಬರುವಂಥವು.

ಪಟ್ಟಣದಿಂದ ಕ್ಯಾಮೆರಾ ಅಂಗಡಿಯವರೊಬ್ಬರು ಬಂದು ಎಂಟು ಕ್ಯಾಮೆರಾ ಹಾಕಿಸಿ, ನಿಶ್ಚಿಂತೆಯಾಗಿ ಮಲಗಿ ಎಂದರು. ಬಾಗಿದ ಶಟರಿನ ಪಕ್ಕದಲ್ಲೇ ನಿಂತಿದ್ದರು, ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮುಸುಕು ಹಾಕಿಕೊಂಡು ಬಂದವರ ಸಿನಿಮಾ ತೆಗೆದು ನಾನೇನು ಮಾಡಲಿ?

ಊರಿನಲ್ಲಿ ಎದುರಾದವರೆಲ್ಲ ಶಟರಿಗೆ ಕರೆಂಟು ಕೊಟ್ಟುಬಿಡು, ನಿನಗೇನು ಕಷ್ಟ ಎನ್ನುತ್ತಿದ್ದಾರೆ. ಕರೆಂಟಿನಲ್ಲೇ ಅನ್ನ ತಿನ್ನುವವನು ನಾನು. ಬೆಳಗಿನ ಜಾವ ಆ ಶಟರನ್ನು ಮೊದಲು ಮುಟ್ಟುವುದು ಹಾಲು ಹಾಕುವ ಹುಡುಗ, ಮೈ ಉಜ್ಜಿಕೊಳ್ಳುವ ಬೀದಿಯ ಹಸು. ದಯವಿಟ್ಟು ಆ ಸಲಹೆ ಇಲ್ಲಿ ಬೇಡ.

ನನ್ನ ಕೈಯಲ್ಲಿರುವುದು ಮೂವತ್ತು ಸಾವಿರ ರೂಪಾಯಿ. ಯಾವುದು ಮೊದಲು, ಯಾವುದು ಆಮೇಲೆ?

---

ಗಡಾರಿ, ಹಾಸನ

ಶಟರ್ ಕೆಲಸ ಮಾಡುವವನಾಗಿ ಹೇಳುತ್ತೇನೆ. ನಿಮಗೆ ಒಂದು ಅನುಕೂಲವಿದೆ, ನೀವು ಗಮನಿಸಿದಂತಿಲ್ಲ. ಅಂಗಡಿಗೆ ಮನೆಯೊಳಗಿನಿಂದ ದಾರಿ ಇದೆ ಎಂದ ಮೇಲೆ ಶಟರಿಗೆ ಹೊರಗೆ ಬೀಗ ಯಾಕೆ? ಎಲ್ಲ ಬೀಗವನ್ನೂ ಒಳಗಿನಿಂದ ಹಾಕಿ. ಹೊರಗಿನ ಕೊಂಡಿಗಳನ್ನು ಗ್ರೈಂಡರಿನಲ್ಲಿ ಸವರಿ ತೆಗೆಸಿಬಿಡಿ. ಕತ್ತರಿಸಲು ಏನೂ ಸಿಗದಿದ್ದರೆ ಕಟರ್ ತಂದವನು ಅದನ್ನು ಹೊತ್ತುಕೊಂಡೇ ಹಿಂದಿರುಗಬೇಕು.

ಜಾಕಿನ ವಿಷಯ ಬೇರೆ. ಬದಿಯ ಬೀಗಗಳಾಗಲಿ ಸೆಂಟರ್ ಲಾಕ್ ಆಗಲಿ ಶಟರನ್ನು ಹಿಡಿದಿಡುವುದು ಎರಡು ಬದಿಯ ಗೈಡ್ ಚಾನೆಲಿಗೆ, ಅಂದರೆ ಶಟರ್ ಜಾರುವ ಕಬ್ಬಿಣದ ಗಾಡಿಗೆ. ಆ ಚಾನೆಲ್ ಗೋಡೆಗೆ ನಿಂತಿರುವುದು ನಾಲ್ಕಾರು ಬೋಲ್ಟಿನ ಮೇಲೆ. ಟನ್‌ಗಟ್ಟಲೆ ಎತ್ತುವ ಜಾಕಿಗೆ ಅದು ಯಾವ ಲೆಕ್ಕ? ಶಟರನ್ನು ನೆಲಕ್ಕೆ ಕಟ್ಟಬೇಕು. ಎರಡು ಮೂಲೆಗೆ ಒಂದೊಂದು, ನಡುವೆ ಒಂದು, ಹೀಗೆ ಮೂರು ಕಡೆ ನೆಲ ಅಗೆದು 12 ಎಂಎಂ ಸರಳಿನ ಕೊಕ್ಕೆಯನ್ನು ಕಾಂಕ್ರೀಟಿನಲ್ಲಿ ಕೂರಿಸಿ. ಸರಳಿನ ಕಾಲುಗಳನ್ನು ಕೆಳಗೆ ಅಗಲಿಸಿ ಮಡಚಿರಬೇಕು, ನೇರ ಬಿಟ್ಟರೆ ಹಲ್ಲಿನ ಹಾಗೆ ಕಿತ್ತು ಬರುತ್ತದೆ. ತಳದ ಪಟ್ಟಿ ಹೇಗೂ ಬಾಗಿ ಹಾಳಾಗಿದೆ. ಅದನ್ನು ತೆಗೆದು 50 ಎಂಎಂ ಅಗಲ, 6 ಎಂಎಂ ದಪ್ಪದ ಆ್ಯಂಗಲ್ ಹಾಕಿಸಿ. ಶಟರ್ ತುಸು ಭಾರವಾಗುತ್ತದೆ, ಸ್ಪ್ರಿಂಗನ್ನು ಒಂದು ಸುತ್ತು ಬಿಗಿಸಬೇಕಾದೀತು.

ಒಂದು ಎಚ್ಚರಿಕೆ. ನಿಮ್ಮದು ವಾರ್ನಿಶ್, ಥಿನ್ನರ್ ಇರುವ ಅಂಗಡಿ. ಕೆಲಸದ ಹೊತ್ತಿನಲ್ಲಿ ಶಟರ್ ಇಳಿಸಿ ಒಳಬೀಗ ಹಾಕಿಕೊಂಡು ಕೂರಬೇಡಿ.

---

ಮಾವಿನತೋಪು, ಶ್ರೀನಿವಾಸಪುರ

ಒಂದು ನಾಯಿ ಸಾಕಿ ಸ್ವಾಮಿ. ಇಷ್ಟೆಲ್ಲ ಯಾಕೆ?

---

ತಾಮ್ರತಂತಿ

ನಾಯಿ ಇದೆ. ಆ ರಾತ್ರಿ ಹಿತ್ತಿಲಿನಲ್ಲಿ ಮಲಗಿತ್ತು, ಕಳ್ಳರು ಓಡಿದ ಮೇಲೆ ಬೊಗಳಿತು. ಅದರ ಮೇಲೆ ನನಗೆ ಕೋಪವಿಲ್ಲ, ವಯಸ್ಸಾಗಿದೆ.

ಗಡಾರಿಯವರೇ, ಒಳಬೀಗದ ಮಾತು ಒಪ್ಪಿದೆ. ಹತ್ತಿರದ ವೆಲ್ಡಿಂಗ್‌ನವರಿಗೆ ಹೇಳಿ ನಾಳೆಯೇ ಅಳತೆ ತೆಗೆಸುತ್ತೇನೆ.

---

ಅಟ್ಟದ ಕಾಯಿ, ಅರಸೀಕೆರೆ

ನಮ್ಮದು ಉಂಡೆ ಕೊಬ್ಬರಿ. ವರ್ಷ ಹತ್ತಿರಾಗುವವರೆಗೆ ಕಾಯಿ ಅಟ್ಟದಲ್ಲೇ ಇರುತ್ತದೆ, ಸುಲಿದು ಒಡೆಯುವ ದಿನ ಹತ್ತಿರವಾದಾಗಲೇ ಕಳ್ಳರ ಕಣ್ಣು ಬೀಳುವುದು. ಹಾಗಾಗಿ ಹೊರಗಿನಿಂದ ಚಿಲಕ ಹಾಕುವ ಆಟ ನಮಗೂ ಗೊತ್ತು. ಮುಂಬಾಗಿಲಿನ ಹೊರ ಆಲ್‌ಡ್ರಾಪ್ ನಿಮಗೆ ಬೇಕಾಗುವುದು ಎಲ್ಲರೂ ಊರಿಗೆ ಹೊರಟಾಗ ಮಾತ್ರ. ರಾತ್ರಿ ಮಲಗುವಾಗ ಅದರ ಕೊಂಡಿಗೆ ಖಾಲಿ ಬೀಗವೊಂದನ್ನು ಒತ್ತಿಬಿಡಿ. ಕೊಂಡಿ ತುಂಬಿದ್ದರೆ ಚಿಲಕದ ಪಟ್ಟಿ ಕೂರುವುದಿಲ್ಲ, ಹೊರಗಿನಿಂದ ನಿಮ್ಮನ್ನು ಕೂಡಿಹಾಕಲು ಆಗುವುದಿಲ್ಲ. ಪಕ್ಕದ ಮನೆಯವರಿಗೂ ಹೇಳಿ. ನಿಮ್ಮ ಕೂಗಿಗೆ ಬರಬೇಕಾದವರು ಅವರೇ ಅಲ್ಲವೇ?

ಸುತ್ತಲ ಹತ್ತು ಮನೆಯವರ ಫೋನ್ ನಂಬರುಗಳನ್ನು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ನಡುರಾತ್ರಿ ಗಾಬರಿಯಲ್ಲಿ ಮೊಬೈಲಿನೊಳಗೆ ಹೆಸರು ಹುಡುಕಲು ಅಮ್ಮನಿಗೆ ಆಗುವುದಿಲ್ಲ. ಪಟ್ಟಿಯ ಮೇಲ್ಗಡೆ 112 ಬರೆಯಿರಿ.

---

ರಿಲೇ, ಮೈಸೂರು

ಕಬ್ಬಿಣದ ಕೆಲಸ ಮುಗಿದ ಮೇಲೆ ಸೈರನ್. ಇದನ್ನು ನೀವು ಯಾರಿಗೂ ಹಣ ಕೊಡದೆ ಮಾಡಿಕೊಳ್ಳಬಹುದು, ಏಕೆಂದರೆ ಇದು ನಿಮ್ಮ ಡಿಒಎಲ್ ಸ್ಟಾರ್ಟರಿನ (ಮೋಟಾರನ್ನು ನೇರವಾಗಿ ಲೈನಿಗೆ ಕೊಡುವ ಸ್ಟಾರ್ಟರ್) ಸರ್ಕ್ಯೂಟೇ. ಸ್ಟಾರ್ಟ್ ಒತ್ತಿದರೆ ಕಾಯಿಲ್ ಎಳೆದುಕೊಂಡು, ತನ್ನದೇ ಕಾಂಟ್ಯಾಕ್ಟಿನ ಮೂಲಕ ಹೋಲ್ಡ್ ಆಗುತ್ತದೆ. ಸ್ಟಾಪ್ ಒತ್ತಿದರೆ ಬಿಟ್ಟುಬಿಡುತ್ತದೆ, ಮತ್ತೆ ತಾನಾಗಿ ಎಳೆಯುವುದಿಲ್ಲ. 12 ವೋಲ್ಟಿನ ಎರಡು ಕಾಂಟ್ಯಾಕ್ಟಿನ ರಿಲೇ, ಅಂದರೆ ಕಾಯಿಲಿನಿಂದ ಎಳೆಯುವ ಪುಟ್ಟ ಸ್ವಿಚ್ಚು, ತೆಗೆದುಕೊಳ್ಳಿ. ಸ್ಟಾಪ್ ಬಟನ್ ಇರುವ ಜಾಗದಲ್ಲಿ ಶಟರಿನ ಮ್ಯಾಗ್ನೆಟಿಕ್ ಸ್ವಿಚ್ಚು, ಮರದ ಬಾಗಿಲಿನ ಸ್ವಿಚ್ಚು, ಎಲ್ಲವನ್ನೂ ಸೀರೀಸಿನಲ್ಲಿ ಜೋಡಿಸಿ. ಸೈರನ್ನನ್ನು ಎನ್‌ಸಿ ಕಾಂಟ್ಯಾಕ್ಟಿಗೆ, ಅಂದರೆ ಕಾಯಿಲ್ ಬಿಟ್ಟಾಗ ಕೂಡಿಕೊಳ್ಳುವುದಕ್ಕೆ, ಕೊಡಿ. ಶಟರ್ ಎತ್ತಿದರೂ ಕೂಗುತ್ತದೆ, ಜಾಣ ಕಳ್ಳ ತಂತಿ ಕತ್ತರಿಸಿದರೂ ಕೂಗುತ್ತದೆ, ಶಟರನ್ನು ಮತ್ತೆ ಇಳಿಸಿದರೆ ಸುಮ್ಮನಾಗುವುದಿಲ್ಲ.

ವಿದ್ಯುತ್ತಿಗೆ 12 ವೋಲ್ಟ್ 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಸಾಕು, ಚಾರ್ಜರ್ ಸದಾ ಜೋಡಿಸಿರಲಿ. ಸಣ್ಣ ರಿಲೇ ಕಾಯಿಲ್ ಎಳೆಯುವುದು 30 ಮಿಲಿ ಆಂಪಿಯರ್ ಆಸುಪಾಸು, ದಿನಕ್ಕೆ ಒಂದು ಎಎಚ್ ಕೂಡ ಆಗುವುದಿಲ್ಲ. ರಾತ್ರಿಯಿಡೀ ಕರೆಂಟು ಹೋದರೂ ಚಿಂತೆಯಿಲ್ಲ.

ಬಾಗಿಲಿಗೆ ಹಾಕುವ ಪುಟ್ಟ ಮ್ಯಾಗ್ನೆಟ್ ಸ್ವಿಚ್ಚನ್ನು ಶಟರಿಗೆ ಹಾಕಬೇಡಿ. ಲಾರಿ ಹೋದಾಗ ಶಟರ್ ಅಲುಗಿದರೂ ಅರಚಿಕೊಳ್ಳುತ್ತದೆ. ನಾಲ್ಕು ಸಲ ಸುಮ್ಮನೆ ಕೂಗಿದ ಸೈರನ್ನಿಗೆ ಐದನೆಯ ಸಲ ಯಾರೂ ಏಳುವುದಿಲ್ಲ. ಶಟರಿಗೆಂದೇ ನೆಲಕ್ಕೆ ಕೂರಿಸುವ ದಪ್ಪನೆಯದು ಸಿಗುತ್ತದೆ, ಅದು ಸ್ವಲ್ಪ ಅಲುಗಾಟ ತಡೆಯುತ್ತದೆ. ಒಂದು ಸೈರನ್ ಮನೆಯೊಳಗಿರಲಿ, ಇನ್ನೊಂದು ಹೊರಗೆ ಕೈಗೆಟುಕದ ಎತ್ತರದಲ್ಲಿ.

ಕ್ಯಾಮೆರಾ ಬೇಡವೇ ಬೇಡ ಎನ್ನುವುದಿಲ್ಲ. ಎರಡು ಸಾಕು. ಒಂದು ಅಂಗಡಿಯ ಮುಂದೆ, ಇನ್ನೊಂದು ರಸ್ತೆಯನ್ನು ಓರೆಯಾಗಿ ನೋಡುವಂತೆ, ವಾಹನ ಬಂದ ದಿಕ್ಕಾದರೂ ತಿಳಿಯಲಿ. ರಾತ್ರಿ ಹೆಡ್‌ಲೈಟಿನ ಬೆಳಕಿನಲ್ಲಿ ನಂಬರ್ ಪ್ಲೇಟು ಬೆಳ್ಳಗೆ ಕಾಣುತ್ತದೆ, ಅಂಕಿ ಓದಲು ಬರುವುದಿಲ್ಲ. ಮಾರುವವರು ಇದನ್ನು ಹೇಳುವುದಿಲ್ಲ. ಕ್ಯಾಮೆರಾದ ಚಿತ್ರ ದಾಖಲಿಸುವ ಡಿವಿಆರ್ ಪೆಟ್ಟಿಗೆ ಅಂಗಡಿಯಲ್ಲಿ ಬೇಡ, ಮನೆಯೊಳಗೆ ಬಚ್ಚಿಡಿ. ಕಳ್ಳ ಹೋಗುವಾಗ ಮೊದಲು ಕೀಳುವುದೇ ಅದನ್ನು.

---

ಕಪ್ಪುಕೋಟು, ತುಮಕೂರು

ಏನೂ ಹೋಗಲಿಲ್ಲ ಎಂದು ದೂರು ಕೊಡದೆ ಬಿಟ್ಟಿದ್ದೀರಾ? ಪೊಲೀಸರು ಬಂದು ಜಾಕ್ ಒಯ್ದರು ಎಂದಷ್ಟೇ ಬರೆದಿದ್ದೀರಿ. ಎಫ್‌ಐಆರ್ ಆಗಿದೆಯೇ ನೋಡಿ. ಸ್ವತ್ತು ಇಡುವ ಕಟ್ಟಡವನ್ನೂ ಕಾನೂನು ಮನೆಯಂತೆಯೇ ಕಾಣುತ್ತದೆ, ವಾಸದ ಮನೆಯೇ ಆಗಬೇಕೆಂದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 331(4)ನೇ ಕಲಮಿನಡಿ, ಕಳ್ಳತನಕ್ಕಾಗಿ ರಾತ್ರಿ ಕನ್ನ ಹಾಕಿದರೆ 14 ವರ್ಷದವರೆಗೆ ಶಿಕ್ಷೆ ಇದೆ. ಹಳೆಯ ಐಪಿಸಿಯಲ್ಲಿ ಇದು 457 ಆಗಿತ್ತು. ಒಳಗೆ ನುಗ್ಗಲಾಗದೆ ಹೋದ ಪ್ರಯತ್ನಕ್ಕೆ 62ನೇ ಕಲಮು ಜೊತೆಗೂಡುತ್ತದೆ. ಎಫ್‌ಐಆರ್ ಪ್ರತಿಯನ್ನು ನಿಮಗೆ ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ದಾಖಲಿಸದಿದ್ದರೆ ದೂರನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳುಹಿಸಿ.

ಕರೆಂಟಿನ ಸಲಹೆಯನ್ನು ನೀವು ತಳ್ಳಿಹಾಕಿದ್ದು ಸರಿ. ಸತ್ತವನು ಕಳ್ಳನೇ ಆಗಿದ್ದರೂ ನರಹತ್ಯೆಯ ಪ್ರಕರಣ ನಿಮ್ಮ ಮೇಲೆ ಬೀಳುತ್ತದೆ. ಎದುರಿಗೆ ಬಂದವನಿಂದ ಮನೆ ಕಾಪಾಡಿಕೊಳ್ಳುವ ಹಕ್ಕು ಬೇರೆ. ತಂತಿ ಎಳೆದು ಮಲಗಿದವನಿಗೆ ಆ ಹಕ್ಕಿನ ಆಸರೆ ಸಿಗುವುದು ಕಷ್ಟ.

ರೈತರ ಮೋಟಾರಿನ ಬಗ್ಗೆ: ಕನ್ನಗಳವಿನ ವಿಮೆ ಮಾಡಿಸುವುದಾದರೆ ಗಿರಾಕಿಗಳು ನಂಬಿ ಬಿಟ್ಟ ಸಾಮಾನೂ ಸೇರಿದೆ ಎಂದು ಪಾಲಿಸಿಯಲ್ಲಿ ಬರೆಸಿ. ಬರೆಯದಿದ್ದರೆ ನಿಮ್ಮ ಸ್ವಂತ ಸರಕಿಗೆ ಮಾತ್ರ ಪರಿಹಾರ ಎಂದು ವಾದಿಸುತ್ತಾರೆ. ಯಾವ ಮೋಟಾರು ಯಾರದು, ಎಂದು ಬಂತು ಎಂಬ ರಿಜಿಸ್ಟರ್ ಇಡಿ, ಮೋಟಾರಿನ ಮೇಲಿನ ನೇಮ್ ಪ್ಲೇಟಿನ ಫೋಟೋ ತೆಗೆದಿಡಿ.

---

ತಾಮ್ರತಂತಿ

ಎಲ್ಲರ ಮಾತನ್ನೂ ಓದಿದೆ. ಎಫ್‌ಐಆರ್ ಆಗಿದೆ ಸರ್, ಪ್ರತಿ ಇನ್ನೂ ತೆಗೆದುಕೊಂಡಿಲ್ಲ, ಸೋಮವಾರ ಹೋಗುತ್ತೇನೆ. ಮೋಟಾರಿಗೆ ಈಗಲೂ ಸುಣ್ಣದಲ್ಲಿ ಹೆಸರು ಬರೆಯುತ್ತೇವೆ, ಅದು ಒರೆಸಿದರೆ ಹೋಗುತ್ತದೆ. ಇನ್ನು ಮೇಲೆ ಬಾಡಿಯ ಮೇಲೆ ಪಂಚಿನಲ್ಲಿ ನಂಬರು ಹೊಡೆದು ರಿಜಿಸ್ಟರಿಗೆ ಏರಿಸುತ್ತೇನೆ. ಹಳೆಯ ತಾಮ್ರವನ್ನು ಚೀಲ ತುಂಬುವವರೆಗೆ ಇಟ್ಟುಕೊಳ್ಳದೆ ವಾರಕ್ಕೊಮ್ಮೆ ಮಾರುತ್ತೇನೆ. ತುಂಬಿದ ಚೀಲ ಹೊತ್ತು ಹೋಗುವುದನ್ನು ರಸ್ತೆಯಲ್ಲಿ ನೋಡಿದವನೇ ಸುದ್ದಿ ಕೊಟ್ಟಿರಬೇಕು ಎಂದು ನನ್ನ ಅನುಮಾನ.

ರಿಲೇಯವರೇ, ಸ್ಟಾರ್ಟರಿನ ಉಪಾಯ ಓದಿ ನಕ್ಕುಬಿಟ್ಟೆ. ನಿನ್ನೆ ಸಂಜೆ ಹಳೆಯ ಪ್ಯಾನೆಲಿನ ರಿಲೇ ಹಾಕಿ ಮೇಜಿನ ಮೇಲೆ ಕಟ್ಟಿ ನೋಡಿದೆ, ತಂತಿ ಕತ್ತರಿಸಿದ ಕೂಡಲೇ ಕೂಗಿತು. ಅಮ್ಮ ಬೈದರು. ಕ್ಯಾಮೆರಾ ಎರಡು, ಅದೂ ಹಣ ಉಳಿದರೆ.

ಇನ್ನುಳಿದದ್ದು ಅಂಗಡಿಯ ಮಾಡಿನ ವಿಚಾರ. ಶೀಟಿನ ಕೆಳಗೆ ಏನಾದರೂ ಹಾಕಬೇಕಲ್ಲ, ಸರಳೋ ಜಾಲರಿಯೋ? ಅಂಗಡಿ ಹತ್ತು ಅಡಿಗೆ ಹದಿನಾರು.

---

ಗಡಾರಿ, ಹಾಸನ

ಜಾಲರಿ. 8 ಗೇಜಿನ ವೆಲ್ಡ್ ಮೆಶ್, 2 ಇಂಚಿನ ಕಣ್ಣು. ಪರ್ಲಿನಿನ (ಶೀಟು ಹೊತ್ತ ಅಡ್ಡಕಂಬಿ) ಕೆಳಮೈಗೆ ಒಂದೊಂದು ಅಡಿಗೆ ವೆಲ್ಡ್ ಬೀಳಲಿ, ತಂತಿ ಕಟ್ಟಿ ನಿಲ್ಲಿಸಿದರೆ ಪ್ರಯೋಜನವಿಲ್ಲ. ಗೋಡೆಯ ಅಂಚಿಗೆ ಆ್ಯಂಗಲ್ ಹೊಡೆದು ಅದಕ್ಕೂ ಸೇರಿಸಿ, ಮೂಲೆಯಲ್ಲಿ ಕೈ ಹಾಕಿ ಕೀಳಲು ಆಗಬಾರದು. ಸರಳಾದರೆ ಐದೈದು ಇಂಚಿಗೆ ಹಾಕಬೇಕು, ತೂಕವೂ ದುಡ್ಡೂ ಹೆಚ್ಚು. ಮೂವತ್ತು ಸಾವಿರದಲ್ಲಿ ಶಟರು, ನೆಲದ ಕೊಕ್ಕೆ, ಜಾಲರಿ ಮೂರೂ ಒಟ್ಟಿಗೆ ಆಗುವುದು ಅನುಮಾನ. ಶಟರನ್ನು ಈ ವಾರವೇ ಮುಗಿಸಿ, ಜಾಲರಿಯನ್ನು ಮಳೆಗಾಲಕ್ಕೆ ಮುಂಚೆ ಹಾಕಿಸಿ. ವೆಲ್ಡಿಂಗ್ ಶುರುಮಾಡುವ ಮೊದಲು ವಾರ್ನಿಶ್ ಡಬ್ಬಗಳೆಲ್ಲ ಹೊರಗೆ ಹೋಗಲಿ.