ಪದಚರ್ಚೆ: ಜಿಪಿಎಸ್ ‘ಹೇಳುಗ’, ರೇಡಿಯೋ ‘ಕೇಳುಗ’ ಎನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ದೋಣಿಯ ವಿಎಚ್‌ಎಫ್ ರೇಡಿಯೋಗೆ (ಬೇರೆ ದೋಣಿಗಳೊಂದಿಗೂ ದಡದೊಂದಿಗೂ ಮಾತಾಡುವ ರೇಡಿಯೋ) ಜಿಪಿಎಸ್ ಸಾಧನದಿಂದ ತಂತಿ ಕೊಡುವುದು ಹೇಗೆ ಎಂದು ತಿಳಿಸುವ ಸಣ್ಣ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ದೋಣಿ ನಡೆಸುವವರೇ ಓದಿಕೊಂಡು, ಬೇರೆಯವರನ್ನು ಕಾಯದೆ ಕೆಲಸ ಮುಗಿಸುವಂತಿರಬೇಕು ಎಂಬುದು ನನ್ನ ಆಸೆ. ಮೊದಲ ಎರಡು ಪುಟ ಸರಾಗವಾಗಿ ಬಂದವು. ಮೂರನೆಯ ಪುಟದಲ್ಲಿ ಒಂದೇ ಒಂದು ಪದದ ಮುಂದೆ ನಿಂತಿದ್ದೇನೆ. ಅದಕ್ಕೇ ಈ ಪತ್ರ.

ವಿಷಯ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಈಗಿನ ಸಾಗರ ರೇಡಿಯೋಗಳಲ್ಲಿ ಮುಚ್ಚಳದ ಕೆಳಗೆ ಒಂದು ಕೆಂಪು ಗುಂಡಿ ಇರುತ್ತದೆ. ಅಪಾಯದಲ್ಲಿ ಮುಚ್ಚಳ ಎತ್ತಿ ಅದನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ, ರೇಡಿಯೋ ತಾನಾಗಿಯೇ 70ನೇ ಚಾನೆಲ್‌ನಲ್ಲಿ, ಅಂದರೆ 156.525 ಮೆಗಾಹರ್ಟ್ಸ್‌ನಲ್ಲಿ, ಮಾತಿಲ್ಲದ ಒಂದು ಡಿಜಿಟಲ್ ಕರೆಯನ್ನು ಕಳಿಸುತ್ತದೆ. ಡಿಎಸ್‌ಸಿ ಎನ್ನುವುದು ಇದನ್ನೇ. ಆ ಕರೆಯಲ್ಲಿ ದೋಣಿಯ 9 ಅಂಕಿಗಳ ಎಂಎಂಎಸ್‌ಐ ಗುರುತು ಇರುತ್ತದೆ; ದೋಣಿ ಎಲ್ಲಿದೆ ಎಂಬುದೂ ಅದು ಯಾವ ಹೊತ್ತಿನ ಮಾಹಿತಿ ಎಂಬುದೂ ಇರಬೇಕು. ರೇಡಿಯೋದೊಳಗೇ ಜಿಪಿಎಸ್ ಇಲ್ಲದಿದ್ದರೆ ‘ಎಲ್ಲಿದೆ’ ಎಂಬುದು ಹೊರಗಿನ ಜಿಪಿಎಸ್‌ನಿಂದ ತಂತಿಯ ಮೂಲಕವೇ ಬರಬೇಕು, ಇಲ್ಲವೇ ಕೈಯಿಂದ ತುಂಬಬೇಕು. ಎರಡೂ ಆಗಿರದಿದ್ದರೆ ಆ ಜಾಗದಲ್ಲಿ ಹತ್ತು 9ಗಳು ಹೋಗುತ್ತವೆ, ಹೊತ್ತಿನ ಜಾಗದಲ್ಲಿ ನಾಲ್ಕು 8ಗಳು. ಕರೆ ಕೇಳಿದವರಿಗೆ ಯಾರು ಅಪಾಯದಲ್ಲಿದ್ದಾರೆ ಎಂದು ತಿಳಿಯುತ್ತದೆ, ಎಲ್ಲಿದ್ದಾರೆ ಎಂದು ತಿಳಿಯುವುದಿಲ್ಲ. ಎರಡು ಸಣ್ಣ ತಂತಿಗಳ ಮೇಲೆ ಇಷ್ಟು ನಿಂತಿರುವುದರಿಂದಲೇ ನನಗೆ ಈ ಪದದ ಚಿಂತೆ.

ಈ ತಂತಿಯ ಮೇಲೆ ನಡೆಯುವ ಮಾತುಕತೆಗೆ ಎನ್‌ಎಂಇಎ 0183 ಎಂಬ ಕಟ್ಟಳೆ ಇದೆ. 1983ರಲ್ಲಿ ಬಂದದ್ದು, ಇಂದಿಗೂ ಸಣ್ಣ ದೋಣಿಗಳಲ್ಲಿ ಬಳಕೆಯಲ್ಲಿದೆ. ಪದಪ್ರಿಯರಿಗೆ ಇದರ ಪರಿಭಾಷೆ ತುಂಬ ಹಿಡಿಸಬಹುದು, ಏಕೆಂದರೆ ಎಲ್ಲವೂ ಮಾತಿನ ಲೋಕದಿಂದಲೇ ಬಂದ ಪದಗಳು. ಮಾಹಿತಿ ಕಳಿಸುವ ಸಾಧನ ‘ಟಾಕರ್’. ತೆಗೆದುಕೊಳ್ಳುವುದು ‘ಲಿಸನರ್’. ಕಳಿಸುವ ಒಂದೊಂದು ಸಾಲೂ ‘ಸೆಂಟೆನ್ಸ್’. ಆ ಸಾಲು ಡಾಲರ್ ಗುರುತಿನಿಂದ ಶುರುವಾಗುತ್ತದೆ, ನಡುವಿನ ಒಂದೊಂದು ಸಂಗತಿಯನ್ನೂ ಅಲ್ಪವಿರಾಮ ಬೇರ್ಪಡಿಸುತ್ತದೆ, ಕೊನೆಗೆ ನಕ್ಷತ್ರದ ಗುರುತು, ಅದರಾಚೆ ತಾಳೆ ನೋಡುವ ಎರಡು ಅಕ್ಷರ. ಮೊತ್ತ 82 ಅಕ್ಷರ ಮೀರುವಂತಿಲ್ಲ. ಉಪಗ್ರಹಗಳು ಸಿಗದಿದ್ದಾಗ ಅಲ್ಪವಿರಾಮಗಳು ಹಾಗೆಯೇ ಇರುತ್ತವೆ, ನಡುವೆ ಏನೂ ಇರುವುದಿಲ್ಲ. ಹೀಗಾಗಿ ‘ಸೆಂಟೆನ್ಸ್’ಗೆ ‘ವಾಕ್ಯ’ ಎನ್ನಲು ನನಗೆ ಯಾವ ಅಳುಕೂ ಇಲ್ಲ. ಮೊದಲೂ ಕೊನೆಯೂ ವಿರಾಮಗಳೂ ಇರುವುದನ್ನು ಬೇರೇನೆಂದು ಕರೆಯಲಿ?

ತೊಡಕು ಇರುವುದು ಆ ಜೋಡಿಯಲ್ಲಿ. ಟಾಕರ್‌ಗೆ ‘ಹೇಳುಗ’, ಲಿಸನರ್‌ಗೆ ‘ಕೇಳುಗ’ ಎಂದು ಮೊದಲು ಬರೆದೆ. ಕೇಳಲು ಹಿತವಾಗಿದೆ, ಪ್ರಾಸವೂ ಇದೆ. ರೇಡಿಯೋ ಎಂದೊಡನೆ ‘ಕೇಳುಗರು’ ನಮ್ಮ ನಾಲಗೆಗೆ ತಾನೇ ಬರುತ್ತದೆ. ಆದರೆ ಕರಡನ್ನು ಓದಿದ ಗೆಳೆಯರೊಬ್ಬರು, ಹತ್ತಾರು ವರ್ಷ ದೋಣಿ ನಡೆಸಿದವರು, ಒಂದು ಪ್ರಶ್ನೆ ಹಾಕಿದರು: “ರೇಡಿಯೋ ಎಷ್ಟು ಹೊತ್ತಿಗೊಮ್ಮೆ ಜಿಪಿಎಸ್‌ನ ಕೇಳ್ತದೆ? ನಾವೇನಾದರೂ ಒತ್ತಿ ಕೇಳಿಸಬೇಕಾ?”

ಅವರು ‘ಕೇಳುಗ’ ಎಂಬುದನ್ನು ವಿಚಾರಿಸುವವನು ಎಂದು ಓದಿದ್ದರು. ತಪ್ಪು ಅವರದಲ್ಲ. ನಮ್ಮ ‘ಕೇಳು’ ಕಿವಿಯ ಕೆಲಸವೂ ಹೌದು, ಪ್ರಶ್ನೆಯ ಕೆಲಸವೂ ಹೌದು. ಹಾಡು ಕೇಳುತ್ತೇವೆ, ಬೆಲೆಯನ್ನೂ ಕೇಳುತ್ತೇವೆ. ‘ಹೇಳುವವರಿಲ್ಲ ಕೇಳುವವರಿಲ್ಲ’ ಎನ್ನುವಾಗ ಅಲ್ಲಿರುವುದು ವಿಚಾರಿಸುವವರು. ‘ಮಾತು ಕೇಳುವ ಹುಡುಗ’ ಎಂದರೆ ವಿಧೇಯ, ಅದು ಮೂರನೆಯ ಅರ್ಥ.

ಕ್ರಿಯಾಪದವಾಗಿದ್ದಾಗ ಇದು ಅಷ್ಟಾಗಿ ಕಾಡುವುದಿಲ್ಲ. ‘ಅವನನ್ನು ಕೇಳು’ ಎಂದರೆ ವಿಚಾರಿಸು, ‘ಅವನು ಹೇಳುವುದನ್ನು ಕೇಳು’ ಎಂದರೆ ಕಿವಿಗೊಡು. ಕರ್ಮವೂ ವಿಭಕ್ತಿಯೂ ಅರ್ಥವನ್ನು ಹಿಡಿದು ನಿಲ್ಲಿಸುತ್ತವೆ. ‘-ಗ’ ಹಚ್ಚಿ ನಾಮಪದ ಮಾಡಿದ ಕೂಡಲೇ ಕರ್ಮ ಉದುರಿಹೋಗುತ್ತದೆ, ಆಸರೆಯೂ ಅದರೊಂದಿಗೇ ಹೋಗುತ್ತದೆ. ‘ಕೇಳುಗ’ ಎಂಬುದು ಸಭೆಯ, ಆಕಾಶವಾಣಿಯ ಸಂದರ್ಭದಲ್ಲಿ ಬಳಕೆಯ ಬಲದಿಂದ ಒಂದೇ ಅರ್ಥಕ್ಕೆ ಗಟ್ಟಿಯಾಗಿದೆ. ಹೊಸ ಜಾಗಕ್ಕೆ ತಂದರೆ ಆ ಬಲ ಜೊತೆಗೆ ಬರುವುದಿಲ್ಲ ಎಂದು ನನಗೆ ಅನಿಸುತ್ತದೆ.

ಇಲ್ಲಿ ಅರ್ಥ ತಪ್ಪಿದರೆ ಕೆಲಸವೂ ತಪ್ಪುತ್ತದೆ. ಎನ್‌ಎಂಇಎ 0183ರಲ್ಲಿ ರೇಡಿಯೋ ಜಿಪಿಎಸ್‌ನ ನೆಲೆಯನ್ನು ವಿಚಾರಿಸಿ ಪಡೆಯುವುದಿಲ್ಲ. ಜಿಪಿಎಸ್ ತನ್ನಷ್ಟಕ್ಕೆ, ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ, ವಾಕ್ಯಗಳನ್ನು ಹೇಳುತ್ತಲೇ ಇರುತ್ತದೆ. ರೇಡಿಯೋ ಆಲಿಸುತ್ತದೆ, ಅಷ್ಟೇ. ಹೇಳುವುದು ಒಂದೇ ಇರಬೇಕು, ಆಲಿಸುವವು ಹಲವು ಇರಬಹುದು. ಮಾಹಿತಿ ಹರಿಯುವ ವೇಗ ಎರಡೂ ಕಡೆ ಒಂದೇ ಆಗಿರಬೇಕು, ರೂಢಿಯಲ್ಲಿ 4800 ಬಾಡ್, ಅಂದರೆ ಸೆಕೆಂಡಿಗೆ 4800 ಬಿಟ್. ಜಿಪಿಎಸ್‌ನ ಔಟ್ ತಂತಿ ರೇಡಿಯೋದ ಇನ್ ತಂತಿಗೆ ಹೋಗಬೇಕು. ಔಟ್‌ಗೆ ಔಟ್ ಸೇರಿಸಿದರೆ ಇಬ್ಬರು ಹೇಳುವವರು ಎದುರುಬದುರಾದಂತೆ, ಆಲಿಸುವವರೇ ಇಲ್ಲ. ತಂತಿಯ ಬಣ್ಣ ನಂಬಿ ಸೇರಿಸುವಂತಿಲ್ಲ, ತಯಾರಕರು ತಮ್ಮ ತಮ್ಮ ಬಣ್ಣ ಇಟ್ಟುಕೊಂಡಿದ್ದಾರೆ. ಬಣ್ಣ ಕೈಕೊಟ್ಟಾಗ ಉಳಿಯುವುದು ಪದವೊಂದೇ.

ಇನ್ನೊಂದು ಕಾರಣವೂ ಇದೆ. ಅದೇ ರೇಡಿಯೋದಲ್ಲಿ ಬೇರೊಂದು ದೋಣಿಯ ನೆಲೆಯನ್ನು ನಿಜವಾಗಿಯೂ ಕೇಳುವ, ಅಂದರೆ ವಿಚಾರಿಸುವ, ಡಿಎಸ್‌ಸಿ ಕರೆ ಇದೆ. ಕೈಪಿಡಿಯ ಒಂದು ಪುಟದಲ್ಲಿ ‘ನೆಲೆ ಕೇಳುವ ಕರೆ’, ಮುಂದಿನ ಪುಟದಲ್ಲಿ ‘ಕೇಳುಗ ರೇಡಿಯೋ’ ಎಂದು ಬಂದರೆ ಎರಡನ್ನೂ ಒಂದೇ ಎಂದು ಓದುವುದು ಸಹಜ. ಹೊಸ ಎನ್‌ಎಂಇಎ 2000ರ ಬಗೆಗೆ ಬರೆಯುವ ದಿನ ಬಂದರೆ ತೊಡಕು ಇನ್ನೂ ಬೆಳೆಯುತ್ತದೆ. ಅಲ್ಲಿ ಎಲ್ಲ ಸಾಧನಗಳೂ ಒಂದೇ ಬೆನ್ನುತಂತಿಗೆ ಸೇರುತ್ತವೆ, ಎಲ್ಲವೂ ಹೇಳಬಲ್ಲವು, ಎಲ್ಲವೂ ಆಲಿಸಬಲ್ಲವು, ಒಂದು ಇನ್ನೊಂದನ್ನು ‘ಇದನ್ನು ಕಳಿಸು’ ಎಂದು ಕೇಳಲೂಬಲ್ಲದು.

ಹಾಗಾದರೆ ಬದಲಿ ಏನು? ‘ಆಲಿಸುಗ’ ಅರ್ಥದಲ್ಲಿ ಸ್ಪಷ್ಟ, ಆದರೆ ನಾಲಗೆಗೆ ಹೊಸದು. ‘ಶ್ರೋತೃ’ ದೋಣಿಯವರ ಕೈಗೆ ಕೊಡುವ ಹಾಳೆಗೆ ಹೊಂದುವುದಿಲ್ಲ. ‘ಪ್ರಸಾರಕ’, ‘ಗ್ರಾಹಕ’ ಎಂಬ ಜೋಡಿಯನ್ನು ಒಬ್ಬರು ಸೂಚಿಸಿದರು. ಗ್ರಾಹಕ ಎಂದರೆ ಇಂದು ಕೊಳ್ಳುವವನು. ಪ್ರಸಾರವಂತೂ ಇನ್ನೂ ಅಪಾಯದ್ದು, ಏಕೆಂದರೆ ರೇಡಿಯೋ ಆಂಟೆನಾ ಮೂಲಕ ಮಾಡುವುದೂ ಪ್ರಸಾರವೇ. ‘ಪ್ರಸಾರದ ತಂತಿ’ ಎಂದರೆ ಓದುವವರ ಕೈ ಆಂಟೆನಾ ತಂತಿಯತ್ತ ಹೋಗುತ್ತದೆ. ಇದೇ ಕಾರಣಕ್ಕೆ ‘ಸಂಪರ್ಕ’ವನ್ನೂ ಕೈಬಿಟ್ಟೆ. ‘ಸಂಪರ್ಕ ಸಿಗುತ್ತಿಲ್ಲ’ ಎಂದರೆ ತಂತಿ ಕಳಚಿದೆಯೋ, ಆಚೆಯವರು ಉತ್ತರಿಸುತ್ತಿಲ್ಲವೋ? ತಂತಿಯ ವಿಷಯಕ್ಕೆ ‘ಸೇರಿಸು’, ಗಾಳಿಯ ಮೇಲಿನ ಮಾತಿಗೆ ‘ಕರೆ’ ಎಂದು ಉದ್ದಕ್ಕೂ ಬೇರೆ ಮಾಡಿದ್ದೇನೆ.

‘-ಗ’ ಪ್ರತ್ಯಯದ ಬಗೆಗೂ ಒಂದು ಮಾತು. ಓದುಗ, ನೋಡುಗ, ಕೇಳುಗ ಎಲ್ಲವೂ ಮನುಷ್ಯರು, ಬಹುವಚನ ಓದುಗರು, ಕೇಳುಗರು. ಯಂತ್ರಕ್ಕೆ ಹಚ್ಚಿದರೆ ‘ಕೇಳುಗಗಳು’ ಎನ್ನಬೇಕಾಗುತ್ತದೆ, ಕಿವಿ ಒಪ್ಪುವುದಿಲ್ಲ. ಹಾಗಾಗಿ ಸಾಧನಕ್ಕೆ ಹೆಸರಿಡುವುದನ್ನೇ ಬಿಟ್ಟು ತಂತಿಗೆ ಹೆಸರಿಟ್ಟರೆ ಹೇಗೆ ಎಂದು ಯೋಚಿಸಿದೆ: ‘ಹೇಳುವ ತಂತಿ’, ‘ಆಲಿಸುವ ತಂತಿ’. ಅಥವಾ ಮಾತಿನ ರೂಪಕವನ್ನೇ ಬಿಟ್ಟು ‘ಕೊಡುವ ತಂತಿ’, ‘ಪಡೆಯುವ ತಂತಿ’. ಎರಡನೆಯ ಜೋಡಿ ಕೈಕೆಲಸದವರಿಗೆ ಹತ್ತಿರ, ದಿಕ್ಕು ತಪ್ಪುವಂತಿಲ್ಲ. ಆದರೆ ‘ವಾಕ್ಯ’ ಎಂದ ಮೇಲೆ ‘ಹೇಳುವ’ ಎಂಬುದನ್ನು ಬಿಡಲು ನನಗೆ ಮನಸ್ಸಿಲ್ಲ.

ಜೊತೆಗೆ ಇನ್ನೆರಡು ಸಣ್ಣ ಸಂದೇಹ. ‘ಪೊಸಿಷನ್’ಗೆ ‘ನೆಲೆ’ ಬಳಸಿದ್ದೇನೆ. ‘ಸ್ಥಾನ’ ಎಂದರೆ ಹುದ್ದೆಯ ವಾಸನೆ. ಆದರೆ ನೀರಿನ ಮೇಲೆ ‘ನೆಲೆ ಸಿಗುತ್ತಿಲ್ಲ’ ಎಂದರೆ ಕಾಲಿಗೆ ತಳ ಸಿಗದಷ್ಟು ಆಳ ಎಂದೂ ಆಗುತ್ತದಲ್ಲ?

ಇನ್ನೊಂದು ‘ನಿಮಿಷ’. ವಾಕ್ಯದಲ್ಲಿ ಅಕ್ಷಾಂಶ 2045.600 ಎಂದು ಬಂದರೆ ಅದು 20 ಡಿಗ್ರಿ 45.600 ನಿಮಿಷ. ಕೈಯಿಂದ ತುಂಬುವವರು ಇದನ್ನೇ 20.456 ಡಿಗ್ರಿ ಎಂದು ಓದಿಕೊಂಡರೆ ನೆಲೆ ಸುಮಾರು 18 ನಾಟಿಕಲ್ ಮೈಲಿ ಜರುಗಿಬಿಡುತ್ತದೆ. ಅದೇ ವಾಕ್ಯದಲ್ಲಿ ಹೊತ್ತಿನ ನಿಮಿಷವೂ ಇದೆ. ನಮ್ಮ ಜ್ಯೋತಿಷದ ಗಣಿತದಲ್ಲಿ ಡಿಗ್ರಿಗೆ ಅಂಶ, ಅದರ ಅರವತ್ತನೇ ಪಾಲಿಗೆ ಕಲೆ, ಕಲೆಯ ಅರವತ್ತನೇ ಪಾಲಿಗೆ ವಿಕಲೆ ಎಂಬ ಹೆಸರುಗಳಿವೆ. ‘ಅಕ್ಷಾಂಶ’ದಲ್ಲಿ ಆ ಅಂಶ ಇನ್ನೂ ಉಳಿದಿದೆ. ‘ಕಲೆ’ಯನ್ನು ಮರಳಿ ತಂದರೆ ಗೊಂದಲ ತೀರುತ್ತದೆಯೇ, ಅಥವಾ ಬಟ್ಟೆಯ ಕಲೆಯೂ ಚಿತ್ರಕಲೆಯೂ ಅಡ್ಡಬರುತ್ತವೆಯೇ? ಪರದೆಯ ಮೇಲೆ ಅಂಕಿಯ ಪಕ್ಕ ಸಣ್ಣ ಗೀಟು ಮಾತ್ರ ಇರುವುದರಿಂದ, ಸದ್ಯಕ್ಕೆ ‘ಗೀಟಿನ ನಿಮಿಷ’ ಎಂದು ಬರೆದಿದ್ದೇನೆ. ನನಗೇ ಪೂರ್ತಿ ಒಪ್ಪಿಗೆಯಾಗಿಲ್ಲ.

ಮೂರನೆಯ ಪುಟದ ಸಾಲು ಈಗ ಹೀಗಿದೆ: “ಜಿಪಿಎಸ್‌ನ ಹೇಳುವ ತಂತಿಯನ್ನು ರೇಡಿಯೋದ ಆಲಿಸುವ ತಂತಿಗೆ ಸೇರಿಸಿ. ಆಮೇಲೆ ರೇಡಿಯೋ ಪರದೆಯಲ್ಲಿ ನಿಮ್ಮ ನೆಲೆ ಮೂಡಿದೆಯೇ ನೋಡಿ. ಮೂಡುವವರೆಗೆ ಕೆಲಸ ಮುಗಿದಿಲ್ಲ.” ಈ ಸಾಲನ್ನು ಮನೆಯಲ್ಲಿ ಯಾರಿಗಾದರೂ, ವಿಷಯ ಗೊತ್ತಿಲ್ಲದವರಿಗೆ, ಗಟ್ಟಿಯಾಗಿ ಓದಿ ಹೇಳಿ. ಅವರಿಗೆ ಯಾವ ತಂತಿ ಎಲ್ಲಿಗೆ ಹೋಗಬೇಕೆಂದು ಹೊಳೆಯಿತೇ, ‘ಆಲಿಸುವ’ ಎಂಬಲ್ಲಿ ತಡೆದರೇ, ಇಷ್ಟನ್ನು ಬರೆದು ತಿಳಿಸಿ.