ಸಹಾಯ ಬೇಕು: ಹಾಟ್ ರಾಡ್ (ವೇಗಕ್ಕಾಗಿ ಮಾರ್ಪಡಿಸಿದ ಕಾರು) ಕಾಲದ ಫೋಟೋ ನೆಗೆಟಿವ್‌ಗಳನ್ನು ಉಳಿಸುವುದು ಹೇಗೆ?

ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿ ನಮ್ಮ ನೆರೆಯ ಹಿರಿಯರೊಬ್ಬರು, ಎಲ್ ಮಿರಾಜ್ ಒಣ ಸರೋವರದಲ್ಲಿಯೂ 1949ರಲ್ಲಿ ಸ್ಪೀಡ್ ವೀಕ್ ಎಂಬ ಕಾರು ವೇಗಸ್ಪರ್ಧೆ ಮೊದಲ ಬಾರಿ ನಡೆದ ಯೂಟಾದ ಬಾನೆವಿಲ್ ಉಪ್ಪಿನ ಬಯಲಿನಲ್ಲಿಯೂ ತಮ್ಮ ತಂದೆ ತೆಗೆದ ನೆಗೆಟಿವ್‌ಗಳ ಪೆಟ್ಟಿಗೆಯನ್ನು ನನಗೆ ಒಪ್ಪಿಸಿದ್ದಾರೆ. ಯುದ್ಧವಿಮಾನದ ಇಂಧನ ಟ್ಯಾಂಕನ್ನೇ ಒಡಲಾಗಿಸಿಕೊಂಡ ಕಾರುಗಳು, ಫೋರ್ಡ್ ಫ್ಲ್ಯಾಟ್‌ಹೆಡ್ ವಿ8 ಎಂಜಿನ್ನಿನ ಮೇಲೆ ಬಾಗಿ ನಿಂತ ಹುಡುಗರು ಅವುಗಳಲ್ಲಿದ್ದಾರೆ. ಸ್ವಂತ ಶೆಡ್ಡಿನಲ್ಲಿ ಕಾರು ಕಟ್ಟಿದ ಇಂಥವರ ಚರಿತ್ರೆ ಬಹುಪಾಲು ಇಂಥ ಪೆಟ್ಟಿಗೆಗಳಲ್ಲಿಯೇ ಉಳಿದಿದೆ ಎಂಬುದು ನನ್ನ ದೃಢ ನಂಬಿಕೆ.

ಈಗ ಹಲವು ಫಿಲ್ಮ್‌ಗಳು ವಿನೆಗರ್ ವಾಸನೆ ಬೀರುತ್ತಾ ಅಂಚಿನಲ್ಲಿ ಸುರುಳಿಗೊಳ್ಳುತ್ತಿವೆ. ಇದು ಫಿಲ್ಮಿನ ಅಸಿಟೇಟ್ ಪ್ಲಾಸ್ಟಿಕ್ ಕೊಳೆಯುವ ಲಕ್ಷಣ. ಆ ಆವಿ ಪಕ್ಕದ ಫಿಲ್ಮ್‌ಗಳನ್ನೂ ಕೆಡಿಸುತ್ತದೆ. ಕೆಟ್ಟವನ್ನು ಬೇರ್ಪಡಿಸಿದ್ದೇನೆ. ಮೊದಲು ಸ್ಕ್ಯಾನ್ ಮಾಡಬೇಕೇ, ಶೀತಲೀಕರಿಸಿಡಬೇಕೇ, ಸುರುಳಿಯನ್ನು ಸುರಕ್ಷಿತವಾಗಿ ಬಿಡಿಸುವುದು ಹೇಗೆ ಎಂಬುದನ್ನು ಪತ್ರಾಗಾರ ಅಥವಾ ಫಿಲ್ಮ್ ಸಂರಕ್ಷಣೆಯ ಅನುಭವವುಳ್ಳವರು ದಯವಿಟ್ಟು ತಿಳಿಸಿ.