‘ಬಿಸಿಗಾಳಿ’ ಅಂದರೆ ಗಾಳಿಯೇ?

ದಾವಣಗೆರೆಯಲ್ಲಿ ಏಪ್ರಿಲ್ ಬಂತೆಂದರೆ ಪತ್ರಿಕೆಗಳಲ್ಲಿ ಬಿಸಿಗಾಳಿ, ಶಾಖದ ಅಲೆ, ಉಷ್ಣ ಅಲೆ ಅನ್ನೋ ಪದಗಳು ಶುರು. ಮೂರೂ ಹವಾಮಾನ ಇಲಾಖೆ ಹೇಳುವ ‘ಹೀಟ್ ವೇವ್’ಗೇ. ಇದರಲ್ಲಿ ಯಾವುದು ಸರಿ? ನಮ್ಮಲ್ಲೇ ಬೇರೆ ಪದ ಇದೆಯಾ?

ಜಾಸ್ತಿ ಓಡುವುದು ಬಿಸಿಗಾಳಿ. ಆದರೆ ಇಲಾಖೆಯ ಲೆಕ್ಕದಲ್ಲಿ ಗಾಳಿ ಬೀಸುವ ಮಾತೇ ಇಲ್ಲ. ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಿರಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ವಾಡಿಕೆ ಎಷ್ಟೇ ಇರಲಿ, 45 ಮುಟ್ಟಿದರೂ ಆಯಿತು. ಅದೂ ಒಂದು ಹವಾಮಾನ ಉಪವಿಭಾಗದ ಎರಡು ಕೇಂದ್ರಗಳಲ್ಲಾದರೂ, ಸತತ ಎರಡು ದಿನ. ದಾವಣಗೆರೆ, ಚಿತ್ರದುರ್ಗ ಸೇರುವುದು ದಕ್ಷಿಣ ಒಳನಾಡು ಉಪವಿಭಾಗಕ್ಕೆ. ಇಷ್ಟಾದರೆ, ಒಂದೆಲೆ ಅಲುಗದಿದ್ದರೂ ಹೀಟ್ ವೇವೇ. ಉತ್ತರ ಭಾರತದಲ್ಲಿ ‘ಲೂ’ ಅಂತ ಪಶ್ಚಿಮದ ಒಣಗಾಳಿ ನಿಜಕ್ಕೂ ಬೀಸುತ್ತದೆ. ಬಿಸಿಗಾಳಿ ಅನ್ನೋದು ಅದಕ್ಕೆ ಸರಿ. ಇಲ್ಲಿ ‘ಗಾಳೀನೇ ಇಲ್ಲ, ಎಲ್ಲಿಯ ಬಿಸಿಗಾಳಿ’ ಅಂತ ಮಟಮಟ ಮಧ್ಯಾಹ್ನ ಹೊಲಕ್ಕೆ ಹೊರಡುವವರಿದ್ದಾರೆ.

ಬಿರುಬಿಸಿಲು ಅನ್ನೋಣವೇ? ಅಲ್ಲೂ ತೊಡಕು. ಥರ್ಮಾಮೀಟರ್ ಇಡುವುದು ಸಂದುಗಳಿರುವ ಬಿಳಿ ಪೆಟ್ಟಿಗೆಯೊಳಗೆ, ನೆರಳಲ್ಲಿ. ಅದು ಅಳೆಯುವುದು ಗಾಳಿಯ ಬಿಸಿ. ಹಾಗಾದರೆ ‘ಬಿಸಿಗಾಳಿ’ಯೇ ಸರಿ ಅಂತ ಯಾರಾದರೂ ವಾದಿಸಬಹುದು. ನಮ್ಮ ಕಿವಿಗೆ ಗಾಳಿ ಅಂದರೆ ಬೀಸುವುದೇ, ಏನು ಮಾಡೋದು!

ಮಾತಿನಲ್ಲಿ ಒಂದೊಂದು ಬಿಸಿಗೂ ಬೇರೆ ಹೆಸರಿದೆ. ಮುಖಕ್ಕೆ ರಾಚುವುದು ಝಳ, ಡಾಂಬರು ರಸ್ತೆಯದ್ದಾಗಲಿ, ಇಲ್ಲಿನ ಮಂಡಕ್ಕಿ ಭಟ್ಟಿಯದ್ದಾಗಲಿ. ಮಳೆಗೆ ಮುಂಚೆ ಮೋಡ ಕಟ್ಟಿ ಬೆವರಿಳಿಸುವುದು ಸೆಕೆ. ಕಲ್ಲು, ಗೋಡೆ, ತಾರಸಿ ಹಿಡಿದಿಟ್ಟುಕೊಳ್ಳುವುದು ಕಾವು. ಚಿತ್ರದುರ್ಗದ ಕೋಟೆಯ ಬಂಡೆ ಮುಟ್ಟಿದರೆ ಕತ್ತಲಾದ ಮೇಲೂ ಕೈಗೆ ತಾಗುವುದು ಅದೇ. ಹೊರಗೂ ಇರಲಾಗದ, ಒಳಗೂ ಇರಲಾಗದ ಹಾಗೆ ಮಾಡುವುದು ಧಗೆ. ಅದಕ್ಕೇ ನನಗೆ ‘ಕಡುಧಗೆ’ ಹಿಡಿಸಿದೆ. ಒಂದೇ ಕೊರತೆ: ಬಂದು ಕೆಲವು ದಿನ ಇದ್ದು ಹೋಗುವಂಥದ್ದು ಅನ್ನೋ ಅರ್ಥ ಇದರಲ್ಲಿಲ್ಲ. ‘ಅಲೆ’ಯಲ್ಲಿ ಅದಿದೆ, ಒಪ್ಪಬೇಕು. ಆದರೆ ‘ಶಾಖದ ಅಲೆ ಬಂತು’ ಅಂತ ಮನೆಯಲ್ಲಿ ಯಾರೂ ಆಡಿದ್ದು ಕೇಳಿಲ್ಲ.

ಜೊತೆಗೆ ‘ವಾರ್ಮ್ ನೈಟ್’ ಅಂತ ಒಂದಿದೆ. ಹಗಲು 40 ಮುಟ್ಟಿ, ರಾತ್ರಿಯ ಕನಿಷ್ಠ ಉಷ್ಣಾಂಶವೂ ವಾಡಿಕೆಗಿಂತ 4.5 ಡಿಗ್ರಿ ಮೇಲಿದ್ದರೆ ಹಾಗನ್ನುತ್ತಾರೆ. ಇದನ್ನು ‘ಬೆಚ್ಚನೆಯ ರಾತ್ರಿ’ ಅಂತ ಬರೆದದ್ದು ನೋಡಿ ನಗು ಬಂತು. ಬೆಚ್ಚಗಿದ್ದರೆ ಹಿತ ಅಲ್ವಾ? ಫ್ಯಾನ್ ಕೆಳಗೂ ನಿದ್ದೆ ಬಾರದ ರಾತ್ರಿಗೆ ‘ಕಾವಿನ ರಾತ್ರಿ’ ಹೊಂದೀತೇ?

ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆಯವರು ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ನಾಲ್ಕೈದು ದಿನ ಬಿಡದೆ ಕಾಡುವ ಧಗೆಗೆ ಅವರ ಬಾಯಲ್ಲಿ ಹೆಸರಿದ್ದರೆ, ಯಾವ ಊರಿನ ಮಾತು ಅನ್ನೋದನ್ನೂ ಸೇರಿಸಿ ತಿಳಿಸಿ.